ಎಂಜಿನು ಬಿಚ್ಚುವ ಮುನ್ನ: ಗ್ಯಾರೇಜುಗಳಲ್ಲಿ ಕೆಲಸ ಕಲಿಯುತ್ತಿರುವ ತರುಣರಿಗೊಂದು ಬಹಿರಂಗ ಪತ್ರ



ಊರ ಹೊರಗಿನ ಹೆದ್ದಾರಿಯ ಬದಿಯಲ್ಲಿ, ತಗಡಿನ ಚಾವಣಿಯ ಕೆಳಗೆ, ಎಣ್ಣೆಯನ್ನು ಹೀರಿ ಹೀರಿ ಕಪ್ಪಾದ ನೆಲದ ಮೇಲೆ ಮಂಡಿಯೂರಿ ಬೆಳಗಿನಿಂದ ಇರುಳಿನವರೆಗೆ ದುಡಿಯುತ್ತ, ಮೇಸ್ತ್ರಿಯು ಬಾಯಿ ತೆರೆಯುವ ಮೊದಲೇ ಆತನ ಕೈಗೆ ಬೇಕಾದ ಸ್ಪಾನರನ್ನು ನೀಡುವಷ್ಟು ಕೆಲಸ ಬಲ್ಲವರಾಗಿ, ಇನ್ನು ಕೆಲವೇ ವರ್ಷಗಳಲ್ಲಿ ನೀವೇ ಮೇಸ್ತ್ರಿಗಳಾಗಲಿರುವ ನಿಮಗೆ ಈ ಪತ್ರವನ್ನು ಬರೆಯುತ್ತಿರುವವನು ನಿಮ್ಮ ವೃತ್ತಿಯವನಲ್ಲ. ನಾನು ಮೂವತ್ತೆರಡು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಬೋಧಿಸಿ, ನಿವೃತ್ತನಾಗಿ, ಹಾಸನದಲ್ಲಿ ನೆಲೆಸಿರುವವನು. ಹಳೆಯ ಪೆಟ್ರೋಲು ಕಾರೊಂದರ ಒಡೆಯನು. ನಿಮಗೆ ಬುದ್ಧಿ ಹೇಳುವ ಅಧಿಕಾರ ನನಗಿಲ್ಲ. ಆದರೆ ನಿಂತಲ್ಲಿಯೇ ಓಡುತ್ತಿರುವ ಎಂಜಿನಿನ ಹಿಂದೆ ಕಾಣುವ ಹೊಗೆಯ ವಿಷಯದಲ್ಲಿ ನಾನು ಹಣವನ್ನೂ ಕಾಲವನ್ನೂ ತೆತ್ತು ಕಲಿತುದನ್ನು ನೀವು ಏನನ್ನೂ ತೆರದೆಯೇ ಪಡೆಯಲೆಂಬ ಹಂಬಲ ನನ್ನನ್ನು ಬಹುದಿನಗಳಿಂದ ಕಾಡುತ್ತಿದ್ದು, ಇಂದು ಅದು ಲೇಖನಿಯನ್ನು ಹಿಡಿಸಿದೆ.

ನಡೆದುದು ಇಷ್ಟು. ಒಂದು ಮಳೆಗಾಲ ಮುಗಿದ ಮೇಲೆ, ರೈಲ್ವೆ ಗೇಟಿನ ಮುಂದೆ ಎಂಜಿನು ಆರಿಸದೆ ಕಾಯುತ್ತಿದ್ದಾಗ, ನನ್ನ ಕಾರಿನ ಹಿಂದಿದ್ದ ಬೈಕಿನವನು ಮುಂದೆ ಬಂದು, "ಸಾರ್, ನಿಮ್ಮ ಗಾಡಿ ಹೊಗೆ ಕೊಡ್ತಾ ಇದೆ" ಎಂದನು. ಇಳಿದು ನೋಡಿದರೆ ಸೈಲೆನ್ಸರಿನ ಬಾಯಿಂದ ತೆಳುವಾದ ನೀಲಿ ಹೊಗೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಮರುದಿನವೇ ಒಂದು ಗ್ಯಾರೇಜಿಗೆ ಕೊಂಡೊಯ್ದೆ. ಅಲ್ಲಿದ್ದ ತರುಣನೊಬ್ಬನು ಹಿಂದೆ ಬಂದು, ಆ ಬಣ್ಣವನ್ನು ಕಣ್ಣೆವೆ ಇಕ್ಕುವಷ್ಟು ಹೊತ್ತು ನೋಡಿ, "ರಿಂಗು ಹೋಗಿದೆ ಸಾರ್, ಎಂಜಿನ್ ಕೆಲಸ ಬಂದಿದೆ" ಎಂದನು. ಎಂಜಿನು ಇಳಿಯಿತು, ನಾಲ್ಕು ಸಿಲಿಂಡರುಗಳನ್ನೂ ಲೇತಿನ ಅಂಗಡಿಗೆ ಕಳಿಸಿ ಬೋರು ಮಾಡಿಸಿದ್ದಾಯಿತು, ಹೊಸ ಪಿಸ್ಟನು, ಹೊಸ ರಿಂಗು, ಹೊಸ ಬೇರಿಂಗು ಎಲ್ಲವೂ ಬಂದವು. ಇಪ್ಪತ್ತಮೂರು ದಿನಗಳ ಮೇಲೆ, ಎರಡು ತಿಂಗಳ ಪಿಂಚಣಿಯನ್ನು ಎಣಿಸಿಕೊಟ್ಟು ನಾನು ಮನೆಗೆ ತಂದ ಕಾರು, ಮರುದಿನ ಬೆಳಗ್ಗೆ ಚಾಲೂ ಮಾಡಿದೊಡನೆಯೆ, ಮೊದಲಿನ ಅದೇ ನೀಲಿ ಹೊಗೆಯನ್ನು ಮೊದಲಿನ ಅಷ್ಟೇ ಪ್ರಮಾಣದಲ್ಲಿ ಉಗುಳಿತು. ಹಣ ಹೋದುದಕ್ಕಿಂತ ನನ್ನ ಮನಸ್ಸನ್ನು ನೋಯಿಸಿದುದು ಆ ತರುಣನ ಮುಖ. ಅವನು ಮೋಸಗಾರನಾಗಿರಲಿಲ್ಲ, ಇಪ್ಪತ್ತಮೂರು ದಿನ ಪ್ರಾಮಾಣಿಕವಾಗಿ ದುಡಿದಿದ್ದನು, ಅವನು ಜೋಡಿಸಿದ ಎಂಜಿನು ಗಡಿಯಾರದಂತೆ ಓಡುತ್ತಿತ್ತು. ಅವನು ಮಾಡಿದ ಕೆಲಸದಲ್ಲಿ ತಪ್ಪಿರಲಿಲ್ಲ, ಮಾಡದೆ ಬಿಟ್ಟ ಅರ್ಧಗಂಟೆಯ ಕೆಲಸವೊಂದರಲ್ಲಿ ತಪ್ಪಿತ್ತು.

ಆ ಅರ್ಧಗಂಟೆ ಎಂಥದೆಂಬುದನ್ನು ನಾನು ಕಂಡುದು ಸಕಲೇಶಪುರದ ಕಡೆಯ ವೃದ್ಧ ಮೇಸ್ತ್ರಿಯೊಬ್ಬರಲ್ಲಿ. ಅವರು ಬಾನೆಟ್ಟನ್ನು ಎತ್ತಲೇ ಇಲ್ಲ. ಕಾರನ್ನು ರಾತ್ರಿಯೆಲ್ಲ ತಮ್ಮಲ್ಲಿಯೇ ನಿಲ್ಲಿಸಿಕೊಂಡು, ಬೆಳಗ್ಗೆ ನನ್ನನ್ನು ಬರಹೇಳಿ, ಹಿಂಬದಿಯಲ್ಲಿ ಒಂದು ಮಣೆ ಹಾಕಿಕೊಂಡು ಕುಳಿತು, "ಈಗ ಚಾಲೂ ಮಾಡಿ" ಎಂದರು. ಒಂದು ಬುಗ್ಗೆ ನೀಲಿ ಹೊಗೆ ಬಂದು ನಿಂತುಹೋಯಿತು. ಆಮೇಲೆ ಏನೂ ಇಲ್ಲ. ಅವರು ಏಳಲಿಲ್ಲ. ಎಂಟು ಹತ್ತು ನಿಮಿಷ ಕಳೆದ ಮೇಲೆ ತೆಳುವಾದ ಹೊಗೆ ಮತ್ತೆ ಕಾಣಿಸಿಕೊಂಡಿತು. ಆಗ "ಒಂದು ಸಲ ರೇಸ್ ಕೊಡಿ" ಎಂದರು. ಕೊಟ್ಟೊಡನೆ ದಟ್ಟವಾದ ನೀಲಿ ಮುದ್ದೆಯೊಂದು ಹೊರಬಿದ್ದು, ಮತ್ತೆ ಎರಡು ಮೂರು ಸಲ ರೇಸ್ ಮಾಡಿದಾಗ ಪೂರ್ತಿ ಶುಭ್ರವಾಯಿತು. ಅನಂತರ ನನ್ನನ್ನು ಪ್ರಶ್ನಿಸತೊಡಗಿದರು: ಏರು ಹತ್ತುವಾಗ ಹೊಗೆ ಬರುತ್ತದೆಯೆ? ಶಿರಾಡಿ ಘಾಟಿಯನ್ನು ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲೆತ್ತಿ ಗೇರಿನ ಹಿಡಿತದಲ್ಲಿಯೇ ಇಳಿದು, ಗುಂಡ್ಯದ ಬಳಿ ನೆಲ ಸಮನಾದಾಗ ಕಾಲಿಟ್ಟೊಡನೆ ಕನ್ನಡಿಯಲ್ಲಿ ಏನು ಕಾಣುತ್ತದೆ? ಸಾವಿರ ಕಿಲೋಮೀಟರಿಗೆ ಎಷ್ಟು ಎಣ್ಣೆ ಕುಡಿಯುತ್ತದೆ? ಏರಿನಲ್ಲಿ ಹೊಗೆಯಿಲ್ಲವೆಂದೂ, ಗುಂಡ್ಯದಲ್ಲಿ ಹಿಂದಿನ ಲಾರಿಯೇ ಮರೆಯಾಗುವಷ್ಟು ಹೊಗೆ ಬರುತ್ತದೆಂದೂ ನಾನು ಹೇಳಿದಾಗ, ಅವರು ಮಣೆಯಿಂದ ಎದ್ದು, "ರಿಂಗಲ್ಲ ಸ್ವಾಮಿ, ವಾಲ್ವ್ ಸೀಲು" ಎಂದರು.

ಮಿತ್ರರೆ, ಆ ಮಾತು ಮಂತ್ರವಾಗಿರಲಿಲ್ಲ; ಅದು ಶುದ್ಧವಾದ ಅನುಮಾನ, ತರ್ಕಶಾಸ್ತ್ರದಲ್ಲಿ ಆ ಶಬ್ದಕ್ಕಿರುವ ಅರ್ಥದಲ್ಲಿ. ನನ್ನ ತಂದೆಯವರು ಪಾಠಶಾಲೆಯಲ್ಲಿ ನ್ಯಾಯಶಾಸ್ತ್ರವನ್ನು ಓದಿದ್ದವರಾದಕಾರಣ, ಬೆಟ್ಟದ ಮೇಲೆ ಹೊಗೆಯಿದೆ, ಆದುದರಿಂದ ಅಲ್ಲಿ ಬೆಂಕಿಯಿದೆ ಎಂಬ ದೃಷ್ಟಾಂತವನ್ನು ನಾನು ಅಕ್ಷರಾಭ್ಯಾಸದ ವಯಸ್ಸಿನಲ್ಲಿಯೇ ಕೇಳಿದ್ದೆ. ಆದರೆ ನೈಯಾಯಿಕರು ಅಲ್ಲಿಗೇ ನಿಲ್ಲುವುದಿಲ್ಲ. ಹೊಗೆಯಿದ್ದಲ್ಲಿ ಬೆಂಕಿಯಿರುವುದು ನಿಜವಾದರೂ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕಾಗಿಲ್ಲವೆಂದು ತೋರಿಸುವುದಕ್ಕೆ ಅವರು ಕಾದ ಕಬ್ಬಿಣದ ಗುಂಡನ್ನು ಉದಾಹರಿಸುತ್ತಾರೆ. ಅದರಲ್ಲಿ ಅಗ್ನಿಯಿದೆ, ಧೂಮವಿಲ್ಲ. ಬೆಂಕಿಯೊಡನೆ ಹೊಗೆ ಸೇರಬೇಕಾದರೆ ನಡುವೆ ಇನ್ನೊಂದು ಬೇಕು; ಅದು ಹಸಿಯ ಸೌದೆ. ಅದನ್ನು ಅವರು ಉಪಾಧಿಯೆನ್ನುತ್ತಾರೆ. ಆರೋಗ್ಯವಾದ ಎಂಜಿನೆಂದರೆ ಕಾದ ಕಬ್ಬಿಣದ ಗುಂಡೇ ಸರಿ: ಅದರೊಳಗೆ ನಿಮಿಷಕ್ಕೆ ಸಾವಿರ ಸಲ ಬೆಂಕಿ ಹೊತ್ತಿದರೂ ಹೊರಗೆ ಹೊಗೆ ಕಾಣದು. ಹೊಗೆ ಕಂಡಿತೆಂದರೆ ಬೆಂಕಿಯ ಬಳಿಗೆ ಹೋಗಬಾರದ್ದೊಂದು ಹೋಗಿದೆ. ಎಣ್ಣೆಯೋ, ನೀರೋ, ಬೇಕಾದುದಕ್ಕಿಂತ ಮಿಗಿಲಾದ ಪೆಟ್ರೋಲೋ. ಆ ಹಸಿ ಸೌದೆ ಯಾವುದು, ಯಾವ ಬಾಗಿಲಿನಿಂದ ಒಳಹೊಕ್ಕಿತು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆಯುವವರೆಗೆ ಸ್ಪಾನರನ್ನು ಮುಟ್ಟತಕ್ಕದ್ದಲ್ಲ. ಮೊದಲನೆಯ ಪ್ರಶ್ನೆಗೆ ಹೊಗೆಯ ಬಣ್ಣ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಅದು ಬರುವ ಸಮಯ. ಆ ತರುಣನು ಬಣ್ಣವನ್ನು ಕಂಡನು, ಸಮಯವನ್ನು ಕೇಳಲಿಲ್ಲ.

ಬಣ್ಣವನ್ನು ನೋಡುವುದರಲ್ಲಿಯೂ ಒಂದು ಕ್ರಮವಿದೆ. ಎಣ್ಣೆಯ ಹೊಗೆಯಲ್ಲಿರುವುದು ಅತಿಸೂಕ್ಷ್ಮವಾದ ಹನಿಗಳು. ಬೆಳಕಿನ ಅಲೆಯ ಉದ್ದಕ್ಕಿಂತಲೂ ಕಿರಿದಾದ ಇಂಥ ಕಣಗಳು ಕೆಂಪಿಗಿಂತ ನೀಲಿಯನ್ನು ಹೆಚ್ಚಾಗಿ ಚದುರಿಸುತ್ತವೆ. ಆಕಾಶವನ್ನು ನೀಲಿ ಮಾಡಿರುವುದೂ ಚದುರಿಕೆಯ ಇದೇ ಧರ್ಮ; 1921ರಲ್ಲಿ ಹಡಗಿನ ಪಯಣದಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು ಬೆರಗಾದ ಸಿ. ವಿ. ರಾಮನ್ನರು ಅಲ್ಲಿಂದ ಮುಂದೆ ಬೆನ್ನಟ್ಟಿದುದೂ ಚದುರಿದ ಬೆಳಕನ್ನೇ. ಆವಿಯ ಹನಿಗಳು ಇದಕ್ಕಿಂತ ಬಹಳ ದಪ್ಪನಾದುವಾದ್ದರಿಂದ ಎಲ್ಲ ಬಣ್ಣಗಳನ್ನೂ ಸಮವಾಗಿ ಚದುರಿಸಿ ಬೆಳ್ಳಗೆ ಕಾಣುತ್ತವೆ. ಮಸಿಯ ಕಣಗಳು ಬೆಳಕನ್ನು ಚದುರಿಸುವುದಕ್ಕಿಂತ ಹೆಚ್ಚಾಗಿ ನುಂಗಿಬಿಡುತ್ತವೆ, ಅದರಿಂದ ಕಪ್ಪು. ಈ ತತ್ತ್ವ ತಿಳಿದವನು ಸೂರ್ಯನಿಗೆ ಎದುರಾಗಿ ನಿಂತು ಹೊಗೆಯನ್ನು ನೋಡಲಾರನು. ಪ್ರಕಾಶಮಾನವಾದ ಆಕಾಶದ ಎದುರಿಗೆ ನೋಡಿದರೆ ಅದೇ ನೀಲಿ ಹೊಗೆಯ ಮೂಲಕ ಹಾದುಬರುವ ಬೆಳಕಿನಲ್ಲಿ ನೀಲಿ ಕಳೆದುಹೋಗಿ, ಅದು ಕಂದಾಗಿ ಕಾಣುತ್ತದೆ, ನೋಡುವವನು ಪೆಟ್ರೋಲು ಹೆಚ್ಚಾಗಿದೆಯೆಂದು ಕಾರ್ಬುರೇಟರನ್ನು ಬಿಚ್ಚತೊಡಗುತ್ತಾನೆ. ಕಾರಿನ ಹಿಂಬದಿಯು ಹುಣಸೆಮರದ ನೆರಳಿಗೋ ಕತ್ತಲೆಯ ಶೆಡ್ಡಿಗೋ ಮುಖಮಾಡಿರುವಂತೆ ನಿಲ್ಲಿಸಿ, ಬಿಸಿಲು ಪಕ್ಕದಿಂದ ಬೀಳುವಂತೆ ನೋಡಿಕೊಳ್ಳಿರಿ. ಇಷ್ಟರಿಂದಲೂ ಸಂದೇಹ ಉಳಿದರೆ ಬಿಳಿಯ ಬಟ್ಟೆಯೊಂದನ್ನು ಸೈಲೆನ್ಸರಿನ ಬಾಯಿಗೆ ಗೇಣುದೂರದಲ್ಲಿ ಒಂದೆರಡು ನಿಮಿಷ ಹಿಡಿಯಿರಿ: ಒಣಗಿದ ಮಸಿ ಕೊಡವಿದರೆ ಉದುರುತ್ತದೆ, ಎಣ್ಣೆ ಜಿಡ್ಡಾಗಿ ಅಂಟುತ್ತದೆ, ನೀರು ಒದ್ದೆ ಮಾಡಿ ಆರಿಹೋಗುತ್ತದೆ.

ಇನ್ನು ಸಮಯ. ನಿಂತ ಕಾರಿನ ಎಂಜಿನು ಐಡ್ಲಿಂಗಿನಲ್ಲಿ ನಿಮಿಷಕ್ಕೆ ಎಂಟುನೂರು ಸುತ್ತು ತಿರುಗುತ್ತಿರುವಾಗ ಥ್ರಾಟಲಿನ ಕದ ಹೆಚ್ಚುಕಡಮೆ ಮುಚ್ಚಿರುತ್ತದೆ. ಪಿಸ್ಟನುಗಳು ಮಾತ್ರ ಗಾಳಿಗಾಗಿ ಎಳೆಯುತ್ತಲೇ ಇರುತ್ತವೆ. ಹೀಗಾಗಿ ಆ ಕದಕ್ಕೂ ವಾಲ್ವುಗಳಿಗೂ ನಡುವಣ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಒತ್ತಡವು ಹೊರಗಿನ ವಾಯುಭಾರದ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಏರು ಹತ್ತುವಾಗ ಥ್ರಾಟಲು ತೆರೆದಿರುವುದರಿಂದ ಈ ಶೂನ್ಯವು ಬಹುಮಟ್ಟಿಗೆ ಇಲ್ಲವಾಗುತ್ತದೆ. ಘಾಟಿ ಇಳಿಯುವಾಗ, ಕದ ಮುಚ್ಚಿದ್ದು ಎಂಜಿನು ವೇಗವಾಗಿ ತಿರುಗುತ್ತಿರುವುದರಿಂದ, ಎಲ್ಲಕ್ಕಿಂತಲೂ ತೀವ್ರವಾಗುತ್ತದೆ. ವಾಲ್ವಿನ ಕಾಂಡವು ಗೈಡಿನೊಳಗೆ ಮೇಲೆ ಕೆಳಗೆ ಜಾರುವ ಜಾಗದ ನೆತ್ತಿಯಲ್ಲಿ ಎಣ್ಣೆಯು ಸದಾ ಚಿಮ್ಮುತ್ತಿರುತ್ತದೆಯಷ್ಟೆ. ಅದು ಕೆಳಗಿಳಿಯದಂತೆ ತಡೆಯುವುದು ಬೆರಳತುದಿಯಷ್ಟಗಲದ ಒಂದು ರಬ್ಬರಿನ ಟೋಪಿ. ಆ ರಬ್ಬರು ಹತ್ತು ಹದಿನೈದು ವರ್ಷಗಳ ಬಿಸಿಗೆ ಒಣಗಿ ಗಟ್ಟಿಯಾದರೆ, ಮ್ಯಾನಿಫೋಲ್ಡಿನ ಶೂನ್ಯವು ಕಾಂಡದ ಸುತ್ತಣ ಸಂದಿನಿಂದ ಎಣ್ಣೆಯನ್ನು ಹೀರುತ್ತದೆ. ರಾತ್ರಿ ನಿಂತಾಗ ಎಣ್ಣೆ ತಾನಾಗಿಯೇ ತೊಟ್ಟಿಕ್ಕುವುದರಿಂದ ಬೆಳಗಿನ ಒಂದು ಬುಗ್ಗೆ. ಬಹಳ ಹೊತ್ತು ಐಡ್ಲಿಂಗಿನಲ್ಲಿ ಬಿಟ್ಟರೆ ಹೀರಿ ಶೇಖರವಾದುದು ರೇಸ್ ಕೊಟ್ಟೊಡನೆ ಉರಿದು ಹೊರಬೀಳುವ ಮುದ್ದೆ. ಘಾಟಿಯ ಬುಡದಲ್ಲಿ ಹಿಂದಿನ ಲಾರಿಯನ್ನು ಮರೆಮಾಡುವ ಪರದೆ: ಈ ಮೂರೂ ಒಂದೇ ಬಾಗಿಲನ್ನು ಬೆರಳಿಟ್ಟು ತೋರಿಸುತ್ತವೆ. ರಿಂಗುಗಳು ಸವೆದಿದ್ದರೆ ಸಾಧಾರಣವಾಗಿ ಹೊಗೆ ಕಾಣುವುದು ಭಾರ ಎಳೆಯುವಾಗ, ಏರಿನಲ್ಲಿ, ವೇಗವನ್ನು ಹೆಚ್ಚಿಸುವಾಗ. ಜೊತೆಗೆ ಎಳೆತವೂ ಕುಗ್ಗಿರುತ್ತದೆ.

ಇದು ನಿರಪವಾದವಾದ ನಿಯಮವೆಂದು ನಾನು ಹೇಳಲಾರೆ. ಎಣ್ಣೆಯನ್ನು ಒರಸುವ ಕೆಳಗಿನ ರಿಂಗು ಮಸಿ ಹಿಡಿದು ಕಚ್ಚಿಕೊಂಡಿದ್ದರೆ, ಮೇಲಿನ ರಿಂಗುಗಳು ಚೆನ್ನಾಗಿದ್ದು ಕಂಪ್ರೆಶನ್ನು ಸರಿಯಾಗಿಯೇ ಇದ್ದರೂ, ಐಡ್ಲಿಂಗಿನಲ್ಲಿ ನೀಲಿ ಹೊಗೆ ಬರಬಹುದು. ಆದಕಾರಣವೇ ಸಾಕ್ಷಿಗಳನ್ನು ಒಂದೊಂದಾಗಿ ಕರೆಯಬೇಕು. ಎಂಜಿನು ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳವನ್ನು ತೆಗೆದು ಆ ಬಾಯಿಯ ಮೇಲೆ ಕಾಗದದ ತುಂಡೊಂದನ್ನಿಡಿರಿ: ಮೆಲ್ಲಗೆ ಒಳಗೆ ಎಳೆದುಕೊಂಡರೆ ಒಳ್ಳೆಯದು, ಬುಸುಬುಸು ಎಂದು ಊದಿ ಎಸೆದರೆ ಉರಿಯ ಅನಿಲವು ರಿಂಗುಗಳನ್ನು ದಾಟಿ ಕೆಳಕ್ಕೆ ಬರುತ್ತಿದೆ, ಇಲ್ಲವೆ ಉಸಿರುಕೊಳವೆ ಕಟ್ಟಿಕೊಂಡಿದೆ. ನಾಲ್ಕು ಪ್ಲಗ್ಗುಗಳನ್ನೂ ಕಳಚಿ, ಥ್ರಾಟಲನ್ನು ಪೂರ್ತಿ ತೆರೆದು ಕಂಪ್ರೆಶನ್ನು ನೋಡಿರಿ. ಅಂಕಿ ಕಡಮೆಯಿರುವ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹಾಕಿ ಪುನಃ ನೋಡಿರಿ. ಏರಿದರೆ ರಿಂಗು, ಏರದಿದ್ದರೆ ವಾಲ್ವು. ವ್ಯಾಕ್ಯೂಮ್ ಗೇಜನ್ನು ಬಳಸುವವರು ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ಸಮುದ್ರಮಟ್ಟದಲ್ಲಿ ಹದಿನೆಂಟರಿಂದ ಇಪ್ಪತ್ತೊಂದು ಅಂಗುಲ ತೋರಬೇಕೆಂದು ಪುಸ್ತಕಗಳು ಹೇಳುತ್ತವೆ. ಮಂಗಳೂರಿನಲ್ಲಿ ಅದು ಸರಿ. ಪ್ರತಿ ಸಾವಿರ ಅಡಿಯ ಎತ್ತರಕ್ಕೆ ಸುಮಾರು ಒಂದು ಅಂಗುಲ ಕಡಮೆಯಾಗುವುದರಿಂದ, ಸುಮಾರು 3000 ಅಡಿ ಎತ್ತರದ ಬೆಂಗಳೂರಿನಲ್ಲಿ ಹದಿನಾರು ತೋರಿಸುವ ಎಂಜಿನು ರೋಗಿಯಲ್ಲ. ಮಡಿಕೇರಿಯಲ್ಲಿ ಇನ್ನೂ ಕೆಳಗಿಳಿಯುತ್ತದೆ. ಮಂಗಳೂರಿನ ಅಂಕಿಯನ್ನು ಮಲೆನಾಡಿನ ಎಂಜಿನಿಗೆ ಹೊರಿಸಿ ಹೆಡ್ ಇಳಿಸಿದವರೂ ಇದ್ದಾರೆ.

ಮತ್ತೂ ಒಂದು ಬಾಗಿಲಿದೆ. ಅದು ಎಲ್ಲಕ್ಕಿಂತ ಅಗ್ಗವಾದುದಾದ್ದರಿಂದ ಎಲ್ಲಕ್ಕಿಂತ ಮೊದಲು ನೋಡತಕ್ಕದ್ದು. ಕ್ರ್ಯಾಂಕ್‌ಕೇಸಿನ ಹಬೆಯನ್ನು ಹೊರಗೆ ಬಿಡದೆ ಮತ್ತೆ ಎಂಜಿನಿಗೇ ಉಣಿಸುವ ಪಿ.ಸಿ.ವಿ. ವಾಲ್ವೆಂಬ ಪುಟ್ಟ ಕವಾಟವು ತೆರೆದ ಸ್ಥಿತಿಯಲ್ಲಿ ಕಚ್ಚಿಕೊಂಡರೆ, ಐಡ್ಲಿಂಗಿನ ಶೂನ್ಯವು ಹಬೆಯೊಂದಿಗೆ ಎಣ್ಣೆಯನ್ನೂ ಸೆಳೆದುಕೊಳ್ಳುತ್ತದೆ. ಕಳಚಿ ಕಿವಿಯ ಬಳಿ ಅಲ್ಲಾಡಿಸಿದರೆ ಟಿಕ್ ಟಿಕ್ ಎನ್ನಬೇಕು, ಮೂಕವಾಗಿದ್ದರೆ ಬದಲಿಸಬೇಕು. ಡಿಪ್‌ಸ್ಟಿಕ್ಕನ್ನೂ ಎಳೆದು ನೋಡಿರಿ. ಗೀಟಿಗಿಂತ ಮೇಲಕ್ಕೆ ಎಣ್ಣೆ ತುಂಬಿದ್ದರೆ ಕ್ರ್ಯಾಂಕು ಅದನ್ನು ಮಜ್ಜಿಗೆಯಂತೆ ಕಡೆದು ನೊರೆಯೆಬ್ಬಿಸುತ್ತದೆ, ಆ ನೊರೆಯೇ ಉಸಿರುಕೊಳವೆಯ ದಾರಿಯಾಗಿ ಬೆಂಕಿಗೆ ಬೀಳುತ್ತದೆ. ಅಂಥ ಎಂಜಿನಿಗೆ ಬೇಕಾಗಿರುವ ಚಿಕಿತ್ಸೆ ಒಂದು ಬಾಟಲಿಯಷ್ಟು ಎಣ್ಣೆಯನ್ನು ಇಳಿಸುವುದು ಮಾತ್ರ.

ಬಿಳಿಯ ಹೊಗೆಯ ವಿಷಯದಲ್ಲಿ ಮೊದಲು ಹೇಳಬೇಕಾದುದು, ಅದು ಹಲವು ವೇಳೆ ಹೊಗೆಯೇ ಅಲ್ಲವೆಂಬುದು. ಬಾಷ್ಪವನ್ನು ಧೂಮವೆಂದು ಭ್ರಮಿಸಿ ಬೆಂಕಿಯನ್ನು ಊಹಿಸುವುದು ನಮ್ಮ ತಾರ್ಕಿಕರು ದುಷ್ಟಹೇತುವಿಗೆ ಕೊಡುವ ಪ್ರಸಿದ್ಧ ಉದಾಹರಣೆ; ಡಿಸೆಂಬರಿನ ಬೆಳಗ್ಗೆ ಆ ತಪ್ಪನ್ನು ಯಾರಾದರೂ ಮಾಡಿಯಾರು. ಒಂದು ಲೀಟರು ಪೆಟ್ರೋಲು ಪೂರ್ತಿಯಾಗಿ ಉರಿದರೆ ಹುಟ್ಟುವ ನೀರು ಹೆಚ್ಚುಕಡಮೆ ಒಂದು ಲೀಟರು! ಪೆಟ್ರೋಲಿನಲ್ಲಿರುವ ಹೈಡ್ರೋಜನ್ನು ಗಾಳಿಯ ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ. ಸೈಲೆನ್ಸರು ತಣ್ಣಗಿರುವವರೆಗೆ ಅದು ಬಿಳಿ ಹಬೆಯಾಗಿ ಕಾಣುತ್ತದೆ, ಕೊಳವೆಯ ತುದಿಯಿಂದ ತೊಟ್ಟಿಕ್ಕುತ್ತದೆ, ಎಂಜಿನು ಬಿಸಿಯಾದಂತೆ ಕಣ್ಮರೆಯಾಗುತ್ತದೆ. ಇದು ಉಸಿರಾಡುವವನ ಬಾಯಿಂದ ಮಾಗಿಯಲ್ಲಿ ಬರುವ ಹಬೆಯಂತೆ, ಆರೋಗ್ಯದ ಲಕ್ಷಣ. ಎಂಜಿನು ಪೂರ್ಣ ಬಿಸಿಯಾಗಿ ಕಾಲುಗಂಟೆ ಕಳೆದ ಮೇಲೆಯೂ ದಟ್ಟವಾಗಿ ಬರುತ್ತಿದ್ದು, ಗಾಳಿಯಲ್ಲಿ ಬೇಗ ಕರಗದೆ ನೆಲದುದ್ದಕ್ಕೂ ತೆವಳುತ್ತ, ಸಿಹಿಯಾದ ವಾಸನೆಯಿಂದ ಕೂಡಿದ್ದರೆ ಮಾತ್ರ ಅದು ರೇಡಿಯೇಟರಿನ ಕೂಲೆಂಟು. ಆಗ ಹೆಡ್ ಗ್ಯಾಸ್ಕೆಟ್ಟನ್ನು ಸಂಶಯಿಸಬೇಕು. ನೀರು ಎಲ್ಲಿಯೂ ಸೋರದೆ ಕಡಮೆಯಾಗುತ್ತಿರುವುದು, ರೇಡಿಯೇಟರಿನಲ್ಲಿ ಗುಳ್ಳೆಗಳೇಳುವುದು, ಎಣ್ಣೆ ಹಾಕುವ ಬಾಯಿಯ ಮುಚ್ಚಳದ ಒಳಬದಿಯಲ್ಲಿ ಎಣ್ಣೆಯು ಹಾಲಿನ ಕೆನೆಯಂತಾಗಿರುವುದು, ನಾಲ್ಕು ಪ್ಲಗ್ಗುಗಳಲ್ಲಿ ಒಂದು ಮಾತ್ರ ತೊಳೆದಿಟ್ಟಂತೆ ಬೆಳ್ಳಗಿರುವುದು: ಇವು ಅದರ ಜೊತೆಗಾರ ಚಿಹ್ನೆಗಳು. ಆ ಗುಳ್ಳೆಗಳನ್ನು ನೋಡಬೇಕಾದರೆ ಎಂಜಿನು ತಣ್ಣಗಿದ್ದಾಗಲೇ ಮುಚ್ಚಳ ತೆಗೆದು ಅನಂತರ ಚಾಲೂ ಮಾಡಿರಿ. ಬಿಸಿಯ ರೇಡಿಯೇಟರಿನ ಮುಚ್ಚಳವನ್ನು ಬಟ್ಟೆ ಹಿಡಿದು ತಿರುಗಿಸಿದ ಹುಡುಗನ ಮುಂಗೈಯನ್ನು ನಾನು ಕಂಡಿದ್ದೇನೆ. ಅದನ್ನು ಇಲ್ಲಿ ವರ್ಣಿಸುವ ಇಚ್ಛೆಯಿಲ್ಲ.

ಬಿಳಿ ಹೊಗೆಗೆ ಇನ್ನೊಂದು ಕಾರಣವಿದ್ದು, ಅದು ಅಪರೂಪವಾದರೂ ಅದನ್ನು ತಿಳಿಯದಿರುವುದು ಪ್ರಾಣಾಪಾಯಕರ. ಬ್ರೇಕಿನ ಬೂಸ್ಟರು ಕೆಲಸಮಾಡುವುದು ಮ್ಯಾನಿಫೋಲ್ಡಿನ ಇದೇ ಶೂನ್ಯದ ಬಲದಿಂದ. ಮಾಸ್ಟರ್ ಸಿಲಿಂಡರಿನ ಹಿಂಬದಿಯ ಸೀಲು ಹರಿದಿದ್ದರೆ ಬ್ರೇಕಿನ ದ್ರವವು ಬೂಸ್ಟರಿನೊಳಗೆ ಇಳಿದು, ಅಲ್ಲಿಂದ ಕೊಳವೆಯ ಮೂಲಕ ಎಂಜಿನಿಗೆ ಸೆಳೆಯಲ್ಪಟ್ಟು, ಬಿಳಿಯ ಹೊಗೆಯಾಗಿ ಹೊರಬರುತ್ತದೆ. ಚಕ್ರಗಳ ಬಳಿ ಒಂದು ಹನಿ ಸೋರಿಕೆಯೂ ಕಾಣದು. ಬ್ರೇಕಿನ ಡಬ್ಬಿಯಲ್ಲಿ ಮಾತ್ರ ದಿನದಿನಕ್ಕೂ ದ್ರವ ಇಳಿಯುತ್ತಿರುತ್ತದೆ. ಬಿಳಿ ಹೊಗೆಯೆಂದು ಗಾಡಿ ಬಂದಾಗ ರೇಡಿಯೇಟರನ್ನು ನೋಡುವ ಕಣ್ಣು ಒಮ್ಮೆ ಬ್ರೇಕಿನ ಡಬ್ಬಿಯ ಕಡೆಗೂ ಹರಿಯಲಿ.

ಕಪ್ಪು ಹೊಗೆಯ ವಿಚಾರವನ್ನು ಸಂಕ್ಷೇಪವಾಗಿ ಮುಗಿಸುತ್ತೇನೆ, ಏಕೆಂದರೆ ಅದು ನಿಮಗೆ ಚೆನ್ನಾಗಿ ಗೊತ್ತು. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಹದಿನಾಲ್ಕೂ ಮುಕ್ಕಾಲು ಪಾಲಿನಷ್ಟು ಗಾಳಿ ಬೇಕು. ಗಾಳಿ ಕಡಮೆಯಾದರೆ ಅಥವಾ ಪೆಟ್ರೋಲು ಹೆಚ್ಚಾದರೆ ಇಂಗಾಲ ಉರಿಯದೆ ಉಳಿದು ಮಸಿಯಾಗುತ್ತದೆ. ಹಳೆಯ ಗಾಡಿಗಳಲ್ಲಿ ಎಳೆದು ಮರೆತ ಚೋಕು, ಧೂಳು ತುಂಬಿದ ಏರ್ ಫಿಲ್ಟರು, ಕೂರದಿರುವ ಫ್ಲೋಟಿನ ಸೂಜಿ. ಹೊಸ ಗಾಡಿಗಳಲ್ಲಿ ಎಂಜಿನು ಬಿಸಿಯಾಗಿದ್ದರೂ ತಣ್ಣಗಿದೆಯೆಂದು ಕಂಪ್ಯೂಟರಿಗೆ ಸುಳ್ಳು ಹೇಳುವ ಶಾಖದ ಸೆನ್ಸರು, ತೊಟ್ಟಿಕ್ಕುವ ಇಂಜೆಕ್ಟರು. ಫ್ಯುಯೆಲ್ ಪ್ರೆಶರ್ ರೆಗ್ಯುಲೇಟರಿಗೆ ವ್ಯಾಕ್ಯೂಮಿನ ಪೈಪಿರುವ ಗಾಡಿಯಾದರೆ ಆ ಪೈಪನ್ನು ಕಿತ್ತು ಮೂಸಿರಿ; ಪೆಟ್ರೋಲಿನ ವಾಸನೆ ಅಥವಾ ಹನಿ ಕಂಡರೆ ಒಳಗಿನ ಪರೆ ಹರಿದಿದೆಯೆಂದೇ ಅರ್ಥ.

ಡೀಸೆಲ್ ಎಂಜಿನಿನ ಹೊಗೆ ಬೇರೊಂದು ಪತ್ರಕ್ಕೆ ಯೋಗ್ಯವಾದ ವಿಷಯ. ಒಂದನ್ನು ಮಾತ್ರ ಹೇಳದೆ ಬಿಡಲಾರೆ. ಐಡ್ಲಿಂಗಿನಲ್ಲಿ ಕಣ್ಣುರಿಸುವ ಬಿಳಿಯ ಹೊಗೆ ಬಂದಾಗ, ಯಾವ ಸಿಲಿಂಡರಿನಲ್ಲಿ ಡೀಸೆಲ್ ಉರಿಯುತ್ತಿಲ್ಲವೆಂದು ತಿಳಿಯಲು ಹಳೆಯ ಮೇಸ್ತ್ರಿಗಳು ಓಡುತ್ತಿರುವ ಎಂಜಿನಿನ ಇಂಜೆಕ್ಟರ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ ನೋಡುತ್ತಿದ್ದರು. ಕಾಮನ್ ರೈಲ್ ಎಂಜಿನುಗಳಲ್ಲಿ ಆ ಕೆಲಸವನ್ನು ಕನಸಿನಲ್ಲಿಯೂ ಮಾಡಬೇಡಿರಿ. ಅಲ್ಲಿ ಒತ್ತಡವು ಸಾವಿರ ಬಾರ್‌ಗಿಂತಲೂ ಮೇಲೇರಬಲ್ಲದು. ಸೂಜಿಯಂತೆ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಮಾಂಸದೊಳಗೆ ಸೇರುತ್ತದೆ. ಗಾಯ ಸೊಳ್ಳೆ ಕಚ್ಚಿದಷ್ಟೇ ಕಂಡರೂ ತಡಮಾಡದೆ ಶಸ್ತ್ರಚಿಕಿತ್ಸೆಯಾಗದಿದ್ದರೆ ಬೆರಳೋ ಕೈಯೋ ಹೋಗಬಹುದು.

ಇಷ್ಟು ಹೊತ್ತು ಕಣ್ಣಿಗೆ ಕಾಣುವ ಹೊಗೆಯ ಮಾತನ್ನೇ ಆಡಿದೆನಾದರೂ, ಅದನ್ನು ನೋಡುತ್ತ ನೀವು ಕುಳಿತಿರುವ ಜಾಗದಲ್ಲಿ ಕಾಣದುದೊಂದು ಇದೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಬಿ.ಎಸ್. 4ರ ಮಟ್ಟದ ಪೆಟ್ರೋಲು ಕಾರಿನ ಐಡ್ಲಿಂಗ್ ಹೊಗೆಯಲ್ಲಿ ಅದು ಶೇಕಡ 0.3ನ್ನು ಮೀರಬಾರದೆಂದು ನಿಯಮವಿದೆ, ಕಾರ್ಬುರೇಟರಿನ ಹಳೆಯ ಗಾಡಿಗಳಲ್ಲಿ ಇದರ ಹತ್ತು ಪಾಲು ಇರುವುದೂ ಉಂಟು. ಮಳೆ ಬರುತ್ತಿದೆಯೆಂದು ಷಟರನ್ನು ಅರ್ಧ ಎಳೆದುಕೊಂಡು ಒಳಗೆ ಎಂಜಿನನ್ನು ಐಡ್ಲಿಂಗಿನಲ್ಲಿ ಬಿಡುವ ಪದ್ಧತಿ ಮಲೆನಾಡಿನ ಎಷ್ಟೋ ಗ್ಯಾರೇಜುಗಳಲ್ಲಿದೆ. ತಲೆ ಭಾರವಾಗುವುದು, ವಾಕರಿಕೆ ಬರುವುದು, ಮಂಕು ಕವಿಯುವುದು ಹಸಿವಿನಿಂದೆಂದು ತಿಳಿದು ಸುಮ್ಮನಾಗಬೇಡಿರಿ. ತತ್‌ಕ್ಷಣ ಹೊರಗೆ ಬನ್ನಿರಿ, ಜೊತೆಯವನನ್ನೂ ಎಳೆದು ತನ್ನಿರಿ. ಹೊಗೆಯನ್ನು ಪರೀಕ್ಷಿಸಲು ಬೇಕಾದ ಅರ್ಧಗಂಟೆ ಬಯಲಿನಲ್ಲಿ ಕಳೆಯತಕ್ಕದ್ದು.

ನನ್ನ ಕಾರಿನ ಕಥೆಯ ಕೊನೆಯನ್ನು ಹೇಳುತ್ತೇನೆ. ಆ ವೃದ್ಧರು ಹೆಡ್ಡನ್ನೂ ಇಳಿಸಲಿಲ್ಲ. ಮೇಲಿನ ಮುಚ್ಚಳವನ್ನು ಮಾತ್ರ ತೆಗೆದು ರಾಕರುಗಳನ್ನು ಸರಿಸಿ, ಪ್ಲಗ್ಗಿನ ರಂಧ್ರದಿಂದ ಸಿಲಿಂಡರಿನೊಳಕ್ಕೆ ಒಂದು ಹತ್ತಿಯ ಹಗ್ಗವನ್ನು ಮೊಳ ಮೊಳವಾಗಿ ಇಳಿಬಿಟ್ಟು, ತುದಿಯನ್ನು ಹೊರಗೇ ಉಳಿಸಿಕೊಂಡು, ಕ್ರ್ಯಾಂಕನ್ನು ಕೈಯಿಂದ ಮೆಲ್ಲನೆ ತಿರುಗಿಸಿದರು. ಪಿಸ್ಟನು ಮೇಲೇರಿ, ಹಗ್ಗದ ಸುರುಳಿಯು ಮೆತ್ತೆಯಂತೆ ವಾಲ್ವುಗಳನ್ನು ಕೆಳಗಿನಿಂದ ಆನಿಸಿ ಹಿಡಿಯಿತು. ಸ್ಪ್ರಿಂಗನ್ನು ಒತ್ತಿ ಲಾಕುಗಳನ್ನು ತೆಗೆದರೂ ವಾಲ್ವು ಒಳಗೆ ಬೀಳಲಿಲ್ಲ. ಹಳೆಯ ಸೀಲನ್ನು ಇಕ್ಕಳದಿಂದ ಕಿತ್ತು, ವಾಲ್ವಿನ ಕಾಂಡವನ್ನು ಹಿಡಿದು ಅತ್ತಿತ್ತ ಅಲುಗಿಸಿ ಗೈಡು ಸವೆದಿಲ್ಲವೆಂಬುದನ್ನು ಮನಗಂಡು, ಹೊಸದನ್ನು ಎಣ್ಣೆಯಲ್ಲಿ ಅದ್ದಿ ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು. ಎಂಟು ವಾಲ್ವು, ಎಂಟು ಸೀಲು. ಬೆಳಗ್ಗೆ ಹತ್ತಕ್ಕೆ ಹಿಡಿದ ಕೆಲಸ ಮೂರುಗಂಟೆಗೆ ಮುಗಿಯಿತು. ಸಂಜೆ ಶಿರಾಡಿಯನ್ನು ಇಳಿದು ಗುಂಡ್ಯದಲ್ಲಿ ಕಾಲಿಟ್ಟಾಗ ಕನ್ನಡಿಯಲ್ಲಿ ರಸ್ತೆಯೂ ಕಾಡೂ ನಿಚ್ಚಳವಾಗಿ ಕಂಡವು.

ಆ ಎಂಟು ಹಳೆಯ ಸೀಲುಗಳು ನನ್ನ ಮೇಜಿನ ಮೇಲೆ ಕಾಫಿಪುಡಿಯ ಡಬ್ಬಿಯಲ್ಲಿವೆ, ಹೋಲಿಸಿ ನೋಡುವುದಕ್ಕೆಂದು ಹೊಸದೊಂದರ ಜೊತೆಯಲ್ಲಿ. ಹೊಸದನ್ನು ಒತ್ತಿದರೆ ಕಿವಿಯ ಹಾಲೆಯಂತೆ ಬಾಗುತ್ತದೆ. ಹಳೆಯದು ಹುಣಸೆಬೀಜದಂತೆ ಗಟ್ಟಿಯಾಗಿ, ಉಗುರು ತಾಗಿದರೆ ಚೂರುಚೂರಾಗಿ ಸಿಡಿಯುತ್ತದೆ. ಮೊದಲು ಎಂಜಿನು ಬಿಚ್ಚಿದ ಆ ತರುಣನು, ನಾನು ಹೇಳಿಕಳಿಸಿದ ಮೇಲೆ, ಒಂದು ಭಾನುವಾರ ಮನೆಗೆ ಬಂದು ಜಗಲಿಯ ಮೇಲೆ ಕುಳಿತು ಎರಡನ್ನೂ ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿ, ಹಳೆಯದೊಂದನ್ನು ಕೇಳಿ ಪಡೆದು ಜೇಬಿನಲ್ಲಿಟ್ಟುಕೊಂಡು ಹೋದನು. ಇನ್ನು ಏಳು ಉಳಿದಿವೆ. ಹಾಸನದ ಕಡೆಗೆ ಬಂದವರು ಬಂದು ನೋಡಬಹುದು. ಬೇಕೆಂದವರು ಒಂದನ್ನು ಕೊಂಡೊಯ್ಯಬಹುದು.

ಇಂತಿ ನಿಮ್ಮ ಹಿತೈಷಿ,
ಹಳೆಯ ಕಾರಿನ ಒಡೆಯನಾದ ಒಬ್ಬ ಉಪಾಧ್ಯಾಯ